ಕೊಂಡ ಬೆಲೆ ಬರಲೆಂದು ಕಾಯಬೇಕೆ?

ಯಲಹಂಕದಿಂದ ಬರೆದಿರುವ ನೀವು ‘ಕೊಂಡ ಬೆಲೆ ಬಂದ ಕೂಡಲೇ ಮಾರುತ್ತೇನೆ’ ಅಂದಿದ್ದೀರಿ. ನೀವು ಎಷ್ಟಕ್ಕೆ ಕೊಂಡಿರೆಂದು ಷೇರಿಗೇನು ಗೊತ್ತು? ನಮ್ಮ ಬೆಂಗಳೂರಿನದೇ ಕಾಫಿ ಡೇ 2015ರಲ್ಲಿ 328 ರೂಪಾಯಿಗೆ ಐಪಿಒ ತಂದಿತ್ತು. ಆ ಬೆಲೆಗಾಗಿ ಕಾದವರು ವರ್ಷಗಟ್ಟಲೆ ಕಾದರು. ಕೈಯಲ್ಲಿ ಹೊಸದಾಗಿ ದುಡ್ಡಿದ್ದರೆ ಇವತ್ತಿನ ಬೆಲೆಗೆ ಅದೇ ಷೇರು ಕೊಳ್ಳುತ್ತೀರಾ? ಇಲ್ಲವಾದರೆ ಮಾರಿ. ಗಡುವಿನೊಳಗೆ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದರೆ ನಷ್ಟವನ್ನು ಮುಂದಿನ 8 ವರ್ಷಗಳಿಗೆ ಒಯ್ಯಬಹುದು.

ಆಪ್ಷನ್ಸ್ ಮಾತೇ ಬೇರೆ. ಎಕ್ಸ್‌ಪೈರಿ ಹತ್ತಿರವಾದಂತೆ, ನಿಫ್ಟಿ ಅಲ್ಲಾಡದೆ ನಿಂತರೂ ನೀವು ಕೊಟ್ಟ ಪ್ರೀಮಿಯಂ ಕರಗುತ್ತದೆ. 2021–22ರಿಂದ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓಗೆ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಇಳಿದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93ರಷ್ಟು ಮಂದಿ ಕಳೆದುಕೊಂಡರೆಂದು ಸೆಬಿಯೇ ಹೇಳಿದೆ. ಹೆಬ್ಬಾಳದ ಗೆಳೆಯರು ಟೆಲಿಗ್ರಾಂ ಟಿಪ್ಸ್ ಕಳಿಸಿದರೆ, ಮೊದಲು ಅವರ ಲಾಭ-ನಷ್ಟದ ಸ್ಟೇಟ್‌ಮೆಂಟ್ ಕೇಳಿ.