ಹರಿವು ಅಳೆಯಲು ಹೊರಟ ಮೇಘನಾಗೆ

ಮೇಘನಾ,

ಹೃದಯದ ಎಂಆರ್‌ಐ ಕಲಿಯಲು ಸೇರಿದ್ದೀಯ ಎಂದು ನಿನ್ನಪ್ಪ ಹೇಳಿದ. ನೀನು ಕಳಿಸಿದ ವಿಡಿಯೊ ಕೂಡ ನೋಡಿದೆ. ಮಹಾಪಧಮನಿಯೊಳಗೆ ರಕ್ತದ ಹರಿವು ತೋರಿಸುವ ಕೆಂಪು, ಹಳದಿ, ನೀಲಿ ಎಳೆಗಳು ಸುತ್ತಿಕೊಂಡು ಹರಿಯುತ್ತವೆ. ಬಲು ಚೆಂದ. ಆ ಚೆಂದದ ಬಗ್ಗೆಯೇ ನಾಲ್ಕು ಮಾತು ಹೇಳಬೇಕೆನ್ನಿಸಿತು.

ನಾನು ಕೆಲಸದಲ್ಲಿದ್ದಾಗ ಮಹಾಪಧಮನಿ ಎಂದರೆ ಅದರ ಅಗಲ, ಅಷ್ಟೇ. 5.5 ಸೆಂಟಿಮೀಟರ್ ಮುಟ್ಟಿದರೆ ಸರ್ಜನ್ ಹತ್ತಿರ ಕಳಿಸು, ಮಾರ್ಫಾನ್ ಸಿಂಡ್ರೋಮ್ ಇರುವವರಾದರೆ 5ಕ್ಕೇ ಕಳಿಸು. ಈಗಲೂ ಆಪರೇಷನ್ನಿನ ತೀರ್ಮಾನಕ್ಕೆ ಅಗಲವೇ ಮುಖ್ಯ ಆಧಾರ. ಆದರೆ ಆ ಗಡಿ ಮುಟ್ಟುವ ಮೊದಲೇ ಸೀಳಿಬಿಡುವ ಮಹಾಪಧಮನಿಗಳೂ ಇವೆಯಲ್ಲ, ಅದಕ್ಕೇ ಒಳಗಿನ ಹರಿವನ್ನೂ ನೋಡುವ ಹಂಬಲ. ಹಂಬಲವೇನೋ ಹಳೆಯದು. 1513ರ ಸುಮಾರಿನಲ್ಲಿ ಲಿಯೊನಾರ್ಡೊ ಡಾ ವಿಂಚಿ, ಮಹಾಪಧಮನಿಯ ಗಾಜಿನ ಮಾದರಿಯಲ್ಲಿ ನೀರು ಹರಿಸಿ ಹುಲ್ಲಿನ ಬೀಜ ತೇಲಿಬಿಡುವ ಪ್ರಯೋಗವನ್ನು ಬರೆದಿಟ್ಟ. ಕವಾಟದ ಹಿಂದೆ ಏಳುವ ಸುಳಿಗಳ ಚಿತ್ರ ಬಿಡಿಸಿದ. 2014ರಲ್ಲಿ ಆಕ್ಸ್‌ಫರ್ಡ್‌ನವರು ಬದುಕಿರುವ ಮನುಷ್ಯರಲ್ಲೇ ಆ ಸುಳಿಗಳನ್ನು ಎಂಆರ್‌ಐನಿಂದ ತೋರಿಸಿದರು.

ಇನ್ನು ನಿನ್ನ ಕೆಲಸಕ್ಕೆ ಬರೋಣ. ಒಂದರ ಬೆನ್ನಿಗೊಂದು ವಿರುದ್ಧ ದಿಕ್ಕಿನ ಎರಡು ಕಾಂತಕ್ಷೇತ್ರದ ಗ್ರೇಡಿಯಂಟ್ ಹಾಕಿದಾಗ ಚಲಿಸುವ ರಕ್ತದ ಸಂಕೇತದ ಫೇಸ್ ಅದರ ವೇಗಕ್ಕೆ ತಕ್ಕಷ್ಟು ಬದಲಾಗುತ್ತದೆ; ಅಲುಗದ ಅಂಗಾಂಶದ್ದು ಬದಲಾಗದು. ಎಷ್ಟು ವೇಗದವರೆಗೆ ಅಳೆಯಬೇಕು ಎಂದು ಯಂತ್ರಕ್ಕೆ ನೀನೇ ಮೊದಲು ಹೇಳಬೇಕು. ಅದೇ ವೆಂಕ್. ಸೆಕೆಂಡಿಗೆ 150 ಸೆಂಟಿಮೀಟರ್ ಇಟ್ಟೆ ಅಂದುಕೋ. ಕಿರಿದಾದ ಕವಾಟದಿಂದ ರಕ್ತ 200ರ ವೇಗದಲ್ಲಿ ಚಿಮ್ಮಿದರೆ, ಅದು ಹಿಂದಕ್ಕೆ 100ರ ವೇಗದಲ್ಲಿ ಹೋಗುತ್ತಿದೆ ಎಂದು ಯಂತ್ರ ತೋರಿಸುತ್ತದೆ! ಹಾಗಂತ ಹೆದರಿ 400 ಇಟ್ಟರೆ ನಿಧಾನದ ಹರಿವು ಗದ್ದಲದಲ್ಲಿ ಮುಳುಗಿಹೋಗುತ್ತದೆ. ಮಹಾಪಧಮನಿ ಸೀಳಿದವರಲ್ಲಿ ಗೋಡೆಯ ಪದರಗಳ ನಡುವೆ ತೆವಳುವ ರಕ್ತವೇ ನಮಗೆ ಬೇಕಾದದ್ದು, ಅದೇ ಕಾಣದೆ ಹೋದೀತು.

ಬಣ್ಣವಿಲ್ಲದ ಬರೀ ಅಂಕಿ ಏನು ಹೇಳಬಲ್ಲದು ಎಂಬುದಕ್ಕೆ ನನಗಿಷ್ಟವಾದ ಉದಾಹರಣೆ ಕೊಆರ್ಕ್ಟೇಶನ್, ಅಂದರೆ ಮಹಾಪಧಮನಿಯ ಇರುಕು. ಕೆಳಗಿಳಿದಂತೆ ಮಹಾಪಧಮನಿಯ ರಕ್ತ ಪಕ್ಕೆಲುಬುಗಳ ಧಮನಿಗಳಿಗೆ ಹಂಚಿಹೋಗಿ ಕಡಿಮೆಯಾಗಬೇಕು. ಮೇಲೆ ಬಲವಾದ ಇರುಕು ಇದ್ದಲ್ಲಿ, ಇರುಕಿನ ಕೆಳಗೊಮ್ಮೆ, ವಪೆಯ ಬಳಿ ಇನ್ನೊಮ್ಮೆ ಅಳೆದು ನೋಡು: ವಪೆಯ ಬಳಿಯೇ ಹೆಚ್ಚು. ಹೆದ್ದಾರಿ ಬಂದ್ ಆದಾಗ ಲಾರಿಗಳು ಹಳ್ಳಿ ರಸ್ತೆ ಬಳಸಿ ಮುಂದೆ ಮತ್ತೆ ಹೆದ್ದಾರಿ ಸೇರುವಂತೆ, ಆ ಧಮನಿಗಳಲ್ಲೇ ರಕ್ತ ಹಿಮ್ಮುಖವಾಗಿ ಬಂದು ಸೇರಿರುತ್ತದೆ. ಇರುಕು ಎಷ್ಟು ಬಿಗಿ ಎಂದು ತಿಳಿಯಲು ಎರಡು ಅಳತೆ ಸಾಕಾಯಿತು ನೋಡು.

ಇನ್ನು ಕವಾಟದ ವಿಷಯ. ನೂರಕ್ಕೆ ಒಬ್ಬಿಬ್ಬರಲ್ಲಿ ಮಹಾಪಧಮನಿಯ ಕವಾಟಕ್ಕೆ ಮೂರರ ಬದಲು ಎರಡೇ ದಳ ಇರುತ್ತವೆ. ಅವರಲ್ಲಿ ರಕ್ತದ ಧಾರೆ ಓರೆಯಾಗಿ ಚಿಮ್ಮಿ ಗೋಡೆಗೆ ಬಡಿಯುವುದುಂಟು. ಗೋಡೆಗೆ ರಕ್ತದ ಉಜ್ಜಾಟ ಹೆಚ್ಚಿದ್ದ ಕಡೆಯೇ ಅದರ ಸ್ಥಿತಿಸ್ಥಾಪಕ ನಾರುಗಳು ಹೆಚ್ಚು ಶಿಥಿಲವಾಗಿದ್ದವು ಎಂದು, ಆಪರೇಷನ್ನಿನಲ್ಲಿ ತೆಗೆದ ತುಣುಕುಗಳನ್ನು ಪರೀಕ್ಷಿಸಿದ 2015ರ ಅಧ್ಯಯನವೊಂದು ಹೇಳಿತು. ಒಳ್ಳೆಯ ಕೆಲಸವೇ. ಆದರೆ ಇಂಥವರದ್ದು ಇಂಥ ದಿನ ಸೀಳುತ್ತದೆ ಎನ್ನುವ ಮಟ್ಟಕ್ಕೆ ನಾವಿನ್ನೂ ಬಂದಿಲ್ಲ. ಹಾಗೆ ಹೇಳುವವರು ಸಿಕ್ಕರೆ ಒಂದು ನಮಸ್ಕಾರ ಹಾಕಿ ಬಂದುಬಿಡು.

ಕೊನೆಗೊಂದು ಮಾತು, ನಿನ್ನ ಅಳತೆ ಸರಿಯಿದೆಯೇ ಎಂದು ನೋಡುವ ಬಗ್ಗೆ. ಕವಾಟಗಳು ಸೋರದಿದ್ದರೆ, ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ತಳ್ಳುವ ರಕ್ತವೂ ಮಹಾಪಧಮನಿಯಲ್ಲಿ ನೀನು ಅಳೆದದ್ದೂ ಹೆಚ್ಚುಕಡಿಮೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ರೋಗ ಹುಡುಕುವ ಮೊದಲು ನಿನ್ನ ವೆಂಕ್ ನೋಡು. ರಿಪೋರ್ಟಿಗೆ ಬಣ್ಣದ ಚಿತ್ರ ಹಾಕು, ಬೇಡವೆನ್ನುವುದಿಲ್ಲ. ಅದರ ಕೆಳಗೆ ವೆಂಕ್ ಎಷ್ಟಿಟ್ಟೆ ಎಂದು ತಪ್ಪದೆ ಬರಿ. ದೀಪಾವಳಿಗೆ ಬರುವಾಗ ಒಂದು ಕೊಆರ್ಕ್ಟೇಶನ್ ಕೇಸಿನ ಅಂಕಿಗಳನ್ನು, ರೋಗಿಯ ಹೆಸರು ತೆಗೆದು, ತಗೊಂಡು ಬಾ. ಕೂತು ಲೆಕ್ಕ ಹಾಕೋಣ.

ಇಂತಿ,
ನಿನ್ನ ದೊಡ್ಡಪ್ಪ