ಖಾಲಿ ಜಾಗವೇ ಕೆಲಸಗಾರ: ಆಕ್ಸೈಡ್ ಒಳಗೆ ಆಕ್ಸಿಜನ್ ಓಡಾಡುವುದು ಹೇಗೆ?

ಹೋದ ಸೆಮಿಸ್ಟರಿನಲ್ಲಿ ನಮ್ಮ ಗೆಳೆಯನ ಬೈಕಿನ ಇಂಜಿನ್ ಲೈಟ್ ಹತ್ತಿಕೊಂಡಿದ್ದು ಆರಲೇ ಇಲ್ಲ. ಕಾಲೇಜಿನ ಹತ್ತಿರದ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಅಣ್ಣ ನೋಡಿ, "ಆಕ್ಸಿಜನ್ ಸೆನ್ಸರ್ ಹೋಗಿದೆ" ಅಂದರು. ಹಳೆಯದನ್ನು ಬಿಚ್ಚಿ ನಮ್ಮ ಕೈಗೆ ಕೊಟ್ಟು, "ಇದರೊಳಗೆ ಇರೋದು ಒಂದು ಪಿಂಗಾಣಿ ತುಂಡು. ಪಿಂಗಾಣಿಗೆ ಗಾಳಿ ಹೇಗೆ ಗೊತ್ತಾಗುತ್ತೆ? ಇಂಜಿನಿಯರಿಂಗ್ ಓದ್ತೀರಲ್ಲಪ್ಪಾ, ಹೇಳಿ ನೋಡೋಣ" ಅಂತ ಕೇಳಿದರು.

ನಾವು ನಾಲ್ಕು ಜನ ಮುಖ ಮುಖ ನೋಡಿಕೊಂಡೆವು. ಕ್ರಿಸ್ಟಲ್ ಡಿಫೆಕ್ಟ್ಸ್ ಬಗ್ಗೆ ಇಂಟರ್ನಲ್ಸ್‌ನಲ್ಲಿ ಎರಡು ಪುಟ ಬರೆದು ಬಂದವರೇ ಎಲ್ಲರೂ. ಆದರೂ ಬಾಯಿಂದ ಒಂದು ವಾಕ್ಯ ಹೊರಡಲಿಲ್ಲ. ಅವತ್ತು ರಾತ್ರಿ ಪುಸ್ತಕ ತೆಗೆದು ಕೂತು ಅರ್ಥ ಮಾಡಿಕೊಂಡಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ದೋಷ ಅಂದ್ರೆ ಕೆಟ್ಟದ್ದಾ?

ಡಿಫೆಕ್ಟ್ ಅಂದರೆ ಕನ್ನಡದಲ್ಲಿ ದೋಷ. ದೋಷ ಅಂದ ಕೂಡಲೇ ಏನೋ ಕೆಟ್ಟಿದೆ ಅಂತ ನಮಗೆ ಅನಿಸಿಬಿಡುತ್ತದೆ. ಆದರೆ ಇಲ್ಲಿ ದೋಷ ಎಂದರೆ ಇಷ್ಟೇ: ಹರಳಿನಲ್ಲಿ ಇರಬೇಕಾದ ಕಡೆ ಒಂದು ಅಯಾನು ಇಲ್ಲ. ಆಕ್ಸಿಜನ್ ಇರಬೇಕಾದ ಜಾಗ ಖಾಲಿ ಇದ್ದರೆ ಅದು ಆಕ್ಸಿಜನ್ ವೇಕೆನ್ಸಿ.

ನಮ್ಮ ಆಡಿಟೋರಿಯಂ ನೆನಪಿಸಿಕೊಳ್ಳಿ. ಒಂದು ಸಾಲು ಪೂರ್ತಿ ತುಂಬಿದ್ದರೆ ಯಾರೂ ಕದಲುವಂತಿಲ್ಲ. ಎಡ ತುದಿಯಲ್ಲಿ ಒಂದೇ ಒಂದು ಸೀಟು ಖಾಲಿ ಇದ್ದರೆ? ಪಕ್ಕದವನು ಅಲ್ಲಿಗೆ ಜರುಗುತ್ತಾನೆ, ಅವನ ಜಾಗಕ್ಕೆ ಇನ್ನೊಬ್ಬ. ಪ್ರತಿಯೊಬ್ಬರೂ ಸರಿದಿದ್ದು ಒಂದೇ ಸೀಟು, ಅದೂ ಎಡಕ್ಕೆ. ಖಾಲಿ ಸೀಟು ಮಾತ್ರ ಬಲ ತುದಿಯವರೆಗೆ ಬಂದುಬಿಟ್ಟಿತು. ಆಕ್ಸೈಡ್ ಒಳಗೆ ನಡೆಯುವುದೂ ಇದೇ. ಆಕ್ಸಿಜನ್ ಅಯಾನಿಗೆ ಎರಡು ನೆಗೆಟಿವ್ ಚಾರ್ಜ್ ಇರುವುದರಿಂದ, ಅದು ಬಿಟ್ಟುಹೋದ ಜಾಗ ಸುತ್ತಲಿನ ಹರಳಿಗೆ ಹೋಲಿಸಿದರೆ ಎರಡು ಪಾಸಿಟಿವ್ ಚಾರ್ಜ್ ಇದ್ದಂತೆ ವರ್ತಿಸುತ್ತದೆ.

ಬೇಕಂತಲೇ ಖಾಲಿ ಮಾಡುವುದು

ಸೆನ್ಸರ್‌ನ ಆ ಪಿಂಗಾಣಿ ಜಿರ್ಕೋನಿಯಾ, ಅಂದರೆ ಜಿರ್ಕೋನಿಯಂ ಆಕ್ಸೈಡ್. ಇದರಲ್ಲಿ ಒಂದು ಜಿರ್ಕೋನಿಯಂಗೆ ಎರಡು ಆಕ್ಸಿಜನ್. ಇದಕ್ಕೆ ಸ್ವಲ್ಪ ಯಿಟ್ರಿಯಾ ಬೆರೆಸುತ್ತಾರೆ. ಯಿಟ್ರಿಯಾದಲ್ಲಿ ಎರಡು ಯಿಟ್ರಿಯಂಗೆ ಮೂರೇ ಆಕ್ಸಿಜನ್. ಎರಡು ಯಿಟ್ರಿಯಂ ಹೋಗಿ ಎರಡು ಜಿರ್ಕೋನಿಯಂ ಜಾಗದಲ್ಲಿ ಕೂತರೆ ಆ ಹರಳಿಗೆ ನಾಲ್ಕು ಆಕ್ಸಿಜನ್ ಬೇಕು. ಬಂದಿದ್ದು ಮೂರು. ಆದ್ದರಿಂದ ಒಂದು ಜಾಗ ಖಾಲಿ.

ಒಂದು ಲೆಕ್ಕ ಮಾಡೋಣ. 100 ಮೋಲ್ ಮಿಶ್ರಣದಲ್ಲಿ 8 ಮೋಲ್ ಯಿಟ್ರಿಯಾ, 92 ಮೋಲ್ ಜಿರ್ಕೋನಿಯಾ ಇರಲಿ.

ಲೋಹದ ಅಯಾನುಗಳು: 92 + 16 = 108
ಆಕ್ಸಿಜನ್‌ಗೆ ಇರುವ ಜಾಗಗಳು: 108 × 2 = 216
ನಿಜವಾಗಿ ಇರುವ ಆಕ್ಸಿಜನ್: 184 + 24 = 208
ಖಾಲಿ ಜಾಗಗಳು: 216 − 208 = 8, ಅಂದರೆ ಸುಮಾರು 3.7%

ಹಾಗಾದರೆ ಇನ್ನೂ ಜಾಸ್ತಿ ಯಿಟ್ರಿಯಾ ಸುರಿದರೆ ಇನ್ನೂ ಒಳ್ಳೆಯದಲ್ಲವಾ ಅಂತ ನಾವೂ ಅಂದುಕೊಂಡೆವು. ಇಲ್ಲ. ಸುಮಾರು 8ರ ಹತ್ತಿರವೇ ವಾಹಕತೆ ಗರಿಷ್ಠ. ಅದಕ್ಕಿಂತ ಹೆಚ್ಚಾದರೆ ಖಾಲಿ ಜಾಗಗಳು ಯಿಟ್ರಿಯಂ ಅಯಾನುಗಳಿಗೂ ಒಂದಕ್ಕೊಂದಕ್ಕೂ ಅಂಟಿಕೊಂಡು, ಸಲೀಸಾಗಿ ಓಡಾಡುವುದನ್ನು ಬಿಡುತ್ತವೆ.

ಬಿಸಿ ಯಾಕೆ ಬೇಕು?

ಪಕ್ಕದ ಸೀಟಿಗೆ ಜರುಗುವುದಕ್ಕೂ ಶಕ್ತಿ ಬೇಕು. ಅಯಾನು ಎರಡು ಲೋಹದ ಅಯಾನುಗಳ ಸಂದಿಯಲ್ಲಿ ನುಸುಳಬೇಕು. ಈ ಅಡ್ಡಗೋಡೆಯ ಎತ್ತರವನ್ನು ಸುಮಾರು 1 ಎಲೆಕ್ಟ್ರಾನ್ ವೋಲ್ಟ್ ಅಂತ ಇಟ್ಟುಕೊಳ್ಳಿ. ಅರ್ಹೀನಿಯಸ್ ಸೂತ್ರಕ್ಕೆ ಹಾಕಿದರೆ, 300 ಕೆಲ್ವಿನ್‌ನಿಂದ 1000 ಕೆಲ್ವಿನ್‌ಗೆ ಹೋದಾಗ ಜಿಗಿತದ ಸಾಧ್ಯತೆ 50 ಸಾವಿರ ಕೋಟಿ ಪಟ್ಟಿಗೂ ಹೆಚ್ಚಾಗುತ್ತದೆ! ನಾವು ಕ್ಯಾಲ್ಕ್ಯುಲೇಟರ್ ತಪ್ಪು ಒತ್ತಿದ್ದೇವೆ ಅಂತ ಮೂರು ಸಲ ಮಾಡಿ ನೋಡಿದೆವು.

ಇದು ಹೊಸ ಸಂಗತಿಯೇನಲ್ಲ. 1897ರಲ್ಲಿ ವಾಲ್ಟರ್ ನರ್ನ್‌ಸ್ಟ್ ಇದೇ ಜಿರ್ಕೋನಿಯಾ-ಯಿಟ್ರಿಯಾ ಕಡ್ಡಿಯಿಂದ ದೀಪ ಮಾಡಿದ್ದರು. ಆ ಕಡ್ಡಿಯನ್ನು ಮೊದಲು ಹೊರಗಿನಿಂದ ಕಾಯಿಸಿದರೆ ಮಾತ್ರ ಅದರಲ್ಲಿ ಕರೆಂಟ್ ಹರಿಯುತ್ತಿತ್ತು. ಅಲ್ಲಿ ಓಡಾಡುತ್ತಿರುವುದು ಆಕ್ಸಿಜನ್, ಅದಕ್ಕೆ ದಾರಿ ಕೊಡುವುದು ಖಾಲಿ ಜಾಗಗಳು ಅಂತ 1943ರಲ್ಲಿ ಕಾರ್ಲ್ ವಾಗ್ನರ್ ವಿವರಿಸಿದರು.

ಈಗ ಬೈಕಿಗೆ ಬನ್ನಿ

ಪಿಂಗಾಣಿಯ ಒಂದು ಕಡೆ ಹೊರಗಿನ ಗಾಳಿ, ಇನ್ನೊಂದು ಕಡೆ ಸೈಲೆನ್ಸರಿನ ಹೊಗೆ. ಎರಡೂ ಕಡೆ ತೆಳುವಾದ ಪ್ಲಾಟಿನಂ ಎಲೆಕ್ಟ್ರೋಡ್. ಗಾಳಿಯಲ್ಲಿ ಆಕ್ಸಿಜನ್ ಜಾಸ್ತಿ, ಹೊಗೆಯಲ್ಲಿ ಕಡಿಮೆ. ಹಾಗಾಗಿ ಆಕ್ಸಿಜನ್ ಈ ಕಡೆಯಿಂದ ಆ ಕಡೆಗೆ ಹೋಗಲು ನೋಡುತ್ತದೆ. ಅಯಾನಿಗೆ ಪಿಂಗಾಣಿಯಲ್ಲಿ ದಾರಿ ಇದೆ, ಎಲೆಕ್ಟ್ರಾನಿಗೆ ಇಲ್ಲ. ಆದ್ದರಿಂದ ಚಾರ್ಜ್ ಬೇರ್ಪಟ್ಟು ವೋಲ್ಟೇಜ್ ಹುಟ್ಟುತ್ತದೆ. ಎಷ್ಟು ವೋಲ್ಟೇಜ್ ಅಂತ ಹೇಳುವುದು ಪಿಯುಸಿಯಲ್ಲಿ ಓದಿದ ನರ್ನ್‌ಸ್ಟ್ ಸಮೀಕರಣ, ಅದೇ ದೀಪದ ನರ್ನ್‌ಸ್ಟ್!

ಪೆಟ್ರೋಲ್ ಜಾಸ್ತಿ ಆದರೆ ಹೊಗೆಯಲ್ಲಿ ಆಕ್ಸಿಜನ್ ಹೆಚ್ಚುಕಡಿಮೆ ಇಲ್ಲ, ಸುಮಾರು 0.8ರಿಂದ 0.9 ವೋಲ್ಟ್ ಬರುತ್ತದೆ. ಗಾಳಿ ಜಾಸ್ತಿ ಆದರೆ ಸುಮಾರು 0.1 ವೋಲ್ಟ್. ಇದನ್ನು ನೋಡಿಕೊಂಡು ಇಸಿಯು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಸೆನ್ಸರ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಗುವವರೆಗೆ ಅದರ ಮಾತನ್ನು ನಂಬುವಂತಿಲ್ಲ. ಅದಕ್ಕೇ ಎಷ್ಟೋ ಸೆನ್ಸರ್‌ಗಳ ಒಳಗೆ ಪುಟ್ಟ ಹೀಟರ್ ಇರುತ್ತದೆ.

ಅದೇ ಓಡಾಟ, ಚಿಪ್ ಒಳಗೆ

ಹಾಗಾದರೆ ತಣ್ಣಗಿರುವ ಚಿಪ್‌ನಲ್ಲಿ ಆಕ್ಸಿಜನ್ ಅಲುಗಾಡಲೇಬಾರದು ಅಲ್ಲವಾ? ಇಲ್ಲಿ ದಪ್ಪ ಮುಖ್ಯ. 5 ನ್ಯಾನೋಮೀಟರ್ ದಪ್ಪದ ಹ್ಯಾಫ್ನಿಯಂ ಆಕ್ಸೈಡ್ ಪದರಕ್ಕೆ 1 ವೋಲ್ಟ್ ಕೊಟ್ಟರೆ ವಿದ್ಯುತ್ ಕ್ಷೇತ್ರ ಮೀಟರಿಗೆ 20 ಕೋಟಿ ವೋಲ್ಟ್. ಅಷ್ಟು ಜೋರಾಗಿ ಎಳೆದರೆ ಅಡ್ಡಗೋಡೆ ತಗ್ಗುತ್ತದೆ. ಮೇಲಿಂದ ಕರೆಂಟ್ ಹರಿದು ಆ ಜಾಗ ಬಿಸಿಯೂ ಆಗುತ್ತದೆ. ಆಕ್ಸಿಜನ್ ಸರಿದು, ಖಾಲಿ ಜಾಗಗಳು ಸಾಲುಗಟ್ಟಿ, ಎಲೆಕ್ಟ್ರಾನ್ ಹೋಗಲು ಸಣ್ಣ ದಾರಿ ಆಗುತ್ತದೆ. ರೆಸಿಸ್ಟೆನ್ಸ್ ಇಳಿಯಿತು, ಅದು 1. ವೋಲ್ಟೇಜ್ ತಿರುಗಿಸಿ ಕೊಟ್ಟರೆ ಆಕ್ಸಿಜನ್ ವಾಪಸ್ ಬಂದು ದಾರಿ ತುಂಡಾಗುತ್ತದೆ, ಅದು 0. ಪವರ್ ಆಫ್ ಆದರೂ ನೆನಪು ಉಳಿಯುತ್ತದೆ. ಇದೇ ರೆಸಿಸ್ಟಿವ್ ಮೆಮೊರಿ. 1971ರಲ್ಲಿ ಲಿಯಾನ್ ಚುವಾ ಕಾಗದದ ಮೇಲೆ ಮಂಡಿಸಿದ್ದ ಮೆಮ್ರಿಸ್ಟರ್ ಸಿಕ್ಕಿದೆ ಅಂತ 2008ರಲ್ಲಿ ಎಚ್‌ಪಿ ಲ್ಯಾಬ್ಸ್‌ನವರು ಟೈಟಾನಿಯಂ ಡೈಆಕ್ಸೈಡ್ ಪದರ ತೋರಿಸಿ ಹೇಳಿದರು. ಅಲ್ಲೂ ಓಡಾಡಿದ್ದು ಆಕ್ಸಿಜನ್ ವೇಕೆನ್ಸಿಗಳೇ.

ಕಷ್ಟ ಇರುವುದು ಇಲ್ಲೇ. ಬೇಗ ಬರೆಯಬೇಕು ಅಂದರೆ ಅಡ್ಡಗೋಡೆ ತಗ್ಗಾಗಿರಬೇಕು. ಬರೆದದ್ದು ವರ್ಷಗಟ್ಟಲೆ ಉಳಿಯಬೇಕು ಅಂದರೆ ಅದೇ ಗೋಡೆ ಎತ್ತರ ಇರಬೇಕು. ಕ್ಷೇತ್ರ ಮತ್ತು ಬಿಸಿ ಇದ್ದಾಗ ಮಾತ್ರ ಬಾಗಿಲು ತೆರೆಯುವ ಪದಾರ್ಥ ಬೇಕು. ಇನ್ನೊಂದು ಕಡೆ, ನಮ್ಮ ಫೋನಿನೊಳಗಿನ ಬೇರಿಯಂ ಟೈಟನೇಟ್ ಕೆಪಾಸಿಟರ್‌ಗಳಲ್ಲಿ ಈ ಓಡಾಟ ಬೇಡವೇ ಬೇಡ. ಅಲ್ಲಿ ವೇಕೆನ್ಸಿಗಳು ನಿಧಾನಕ್ಕೆ ನೆಗೆಟಿವ್ ಎಲೆಕ್ಟ್ರೋಡ್ ಕಡೆ ಜಮಾಯಿಸಿದರೆ ಲೀಕೇಜ್ ಹೆಚ್ಚಿ ಕೆಪಾಸಿಟರ್ ಕೆಡುತ್ತದೆ. ಅದೇ ಖಾಲಿ ಜಾಗ ಸೆನ್ಸರಿನಲ್ಲಿ ಕೆಲಸಗಾರ, ಕೆಪಾಸಿಟರಿನಲ್ಲಿ ಕಾಯಿಲೆ.

ಮತ್ತೆ ಗ್ಯಾರೇಜಿಗೆ

ಮುಂದಿನ ವಾರ ಹೋಗಿ ಅಣ್ಣನಿಗೆ ಇಷ್ಟನ್ನೂ ಹೇಳಿದೆವು, ಸೀಟಿನ ಉದಾಹರಣೆ ಸಮೇತ. ಪೂರ್ತಿ ಕೇಳಿಸಿಕೊಂಡು, "ಸರಿ, ಹಾಗಾದ್ರೆ ನಿಮ್ಮ ಬೈಕಿಂದು ಕೆಟ್ಟಿದ್ದು ಯಾಕೆ? ಪಿಂಗಾಣಿಯೊಳಗೆ ಸೀಟು ಖಾಲಿ ಆಗೋಯ್ತಾ?" ಅಂದರು. ನಮಗೆ ಗೊತ್ತಿರಲಿಲ್ಲ. ಅವರೇ ಹಳೆಯ ಸೆನ್ಸರ್ ತುದಿ ತೋರಿಸಿದರು: ಇಂಜಿನ್ ಆಯಿಲ್ ಸುಟ್ಟು ಬೂದಿ ಕಟ್ಟಿಕೊಂಡಿತ್ತು. ಪ್ಲಾಟಿನಂ ಮುಚ್ಚಿಹೋದರೆ ಆಕ್ಸಿಜನ್ ಒಳಗೆ ಹೊಕ್ಕುವುದೆಲ್ಲಿಂದ? ನಮ್ಮ ನೋಟ್ಸ್‌ನಲ್ಲಿ ಪದಾರ್ಥದ ಒಳಗಿನ ಕತೆ ಪೂರ್ತಿ ಇತ್ತು, ಅದರ ಬಾಗಿಲ ಕತೆ ಇರಲಿಲ್ಲ.

ನಿಮಗೊಂದು ಲೆಕ್ಕ: 10 ಮೋಲ್ ಯಿಟ್ರಿಯಾ, 90 ಮೋಲ್ ಜಿರ್ಕೋನಿಯಾ ಇದ್ದರೆ ಆಕ್ಸಿಜನ್ ಜಾಗಗಳಲ್ಲಿ ಶೇಕಡಾ ಎಷ್ಟು ಖಾಲಿ? ಸುಮಾರು 4.5 ಬಂದರೆ ನಿಮಗೆ ಅರ್ಥವಾಗಿದೆ. ಆಮೇಲೆ ಪಕ್ಕದ ರೂಮಿನವರಿಗೆ ಸೂತ್ರ ಇಲ್ಲದೆ ಹೇಳಿ ನೋಡಿ. ನಮಗೆ ನಿಜವಾದ ಪರೀಕ್ಷೆ ಆಗಿದ್ದು ಅಲ್ಲೇ.