ರಯಾನ್ ಗ್ರಾವೆನ್‌ಬರ್ಕ್: ಒಬ್ಬ ತರುಣ ಆಟಗಾರನ ಏಳುಬೀಳು

“ಬೆಳೆಯುವ ಸಿರಿ ಮೊಳಕೆಯಲ್ಲಿ” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಹುಡುಗನೊಬ್ಬನು ಎಳವೆಯಲ್ಲೇ ಜಾಣ್ಮೆ ತೋರಿದರೆ ಹಿರಿಯರು ಈ ಮಾತನ್ನಾಡಿ ಸಂತೋಷಪಡುತ್ತಾರೆ. ಗಾದೆ ಸುಳ್ಳಲ್ಲ, ಆದರೆ ಅದು ಪೂರ್ತಿ ನಿಜವನ್ನೂ ಹೇಳುವುದಿಲ್ಲವೆಂದು ನನಗೆ ತೋರುತ್ತದೆ. ಮೊಳಕೆಗೂ ತೆನೆಗೂ ನಡುವೆ ನೆಲವಿದೆ, ನೀರಿದೆ, ಕಾಲವಿದೆ. ಈ ನಡುವಣ ಅವಧಿಯಲ್ಲಿ ಏನು ನಡೆಯುತ್ತದೆಂಬುದನ್ನು ತಿಳಿಯಲು ನಾನು ಆರಿಸಿಕೊಂಡಿರುವುದು ನೆದರ್ಲೆಂಡ್ಸ್ ದೇಶದ ಫುಟ್‌ಬಾಲ್ ಆಟಗಾರ ರಯಾನ್ ಗ್ರಾವೆನ್‌ಬರ್ಕನ ಜೀವನವನ್ನು. ಕ್ರಿಕೆಟ್ಟಿನ ಮಾತೇ ಹೆಚ್ಚಾಗಿ ಕೇಳಿಬರುವ ನಮ್ಮ ಕಾಲೇಜಿನಲ್ಲಿ ಈ ಹೆಸರು ಎಲ್ಲರಿಗೂ ಪರಿಚಿತವಿರಲಾರದು. ಆದಕಾರಣ ಮೊದಲಿನಿಂದಲೇ ಹೇಳುವೆನು.

ಗ್ರಾವೆನ್‌ಬರ್ಕ್ ಹುಟ್ಟಿದ್ದು 2002ರ ಮೇ 16ರಂದು, ಆಮ್‌ಸ್ಟರ್‌ಡಾಮ್ ನಗರದಲ್ಲಿ. ಆತನ ಪೂರ್ವಿಕರು ಸುರಿನಾಮ್ ದೇಶದವರು. ದಕ್ಷಿಣ ಅಮೆರಿಕದ ಆ ನಾಡು 1975ರವರೆಗೆ ಡಚ್ಚರ ಆಳ್ವಿಕೆಯಲ್ಲಿತ್ತು. ಅಲ್ಲಿಂದ ಬಂದು ನೆಲೆಸಿದ ಮನೆತನಗಳ ಮಕ್ಕಳು ಡಚ್ ಫುಟ್‌ಬಾಲಿಗೆ ತಂದ ಕೀರ್ತಿ ಸಣ್ಣದಲ್ಲ. ರೂಡ್ ಗುಲ್ಲಿಟ್, ಫ್ರಾಂಕ್ ರೈಕಾರ್ಡ್, ಕ್ಲಾರೆನ್ಸ್ ಸೀಡಾರ್ಫ್ ಇವರೆಲ್ಲರೂ ಆ ಮೂಲದವರೇ. ರಯಾನನ ಅಣ್ಣ ಡಾಂಜೆಲ್ ಸಹ ವೃತ್ತಿ ಆಟಗಾರನು. ರಯಾನನು ಮೊದಲು ಜೇಬರ್ಗಿಯಾ ಎಂಬ ಊರ ಕ್ಲಬ್ಬಿನಲ್ಲಿ ಆಡಿ, 2010ರಲ್ಲಿ, ಎಂದರೆ ಎಂಟರ ಪ್ರಾಯದಲ್ಲಿ, ಅಯಾಕ್ಸ್ ಕ್ಲಬ್ಬಿನ ಶಾಲೆಯನ್ನು ಸೇರಿದನು.

ಈ ಶಾಲೆಯ ವಿಚಾರವಾಗಿ ಎರಡು ಮಾತು ಅವಶ್ಯ. ಅಯಾಕ್ಸ್‌ನ ಎಳೆಯರು ಕಲಿಯುವ ಮೈದಾನದ ಹೆಸರು ‘ಡೆ ಟೂಕೊಮ್ಸ್ಟ್’. ಡಚ್ ಭಾಷೆಯಲ್ಲಿ ಅದಕ್ಕೆ ‘ಭವಿಷ್ಯ’ವೆಂದೇ ಅರ್ಥ. ಹುಡುಗರನ್ನು ಅಲ್ಲಿ ನಾಲ್ಕು ಗುಣಗಳಿಂದ ಅಳೆಯುವುದು ವಾಡಿಕೆ: ಚೆಂಡಿನ ಮೇಲಣ ಹಿಡಿತ, ಆಟವನ್ನು ಅರಿಯುವ ಒಳನೋಟ, ವ್ಯಕ್ತಿತ್ವ, ವೇಗ. ದೇಹದ ಬಲವು ಈ ಪಟ್ಟಿಯಲ್ಲಿ ಇಲ್ಲವೆಂಬುದು ಗಮನಾರ್ಹ. ಯೋಹಾನ್ ಕ್ರೈಫನಂಥ ಮಹಾ ಆಟಗಾರನನ್ನು ಬೆಳೆಸಿದ ಕ್ಲಬ್ಬು ಇದು. ಚೆಂಡು ಕಾಲಿಗೆ ಬರುವ ಮುನ್ನವೇ ಮುಂದೇನೆಂಬುದನ್ನು ಯೋಚಿಸಿರಬೇಕೆಂಬುದು ಇಲ್ಲಿಯ ಮೊದಲ ಪಾಠ.

ಈ ಪಾಠವನ್ನು ರಯಾನನು ಎಷ್ಟು ಚೆನ್ನಾಗಿ ಕಲಿತನೆಂದರೆ, 2018ರ ಸೆಪ್ಟೆಂಬರ್ 23ರಂದು, 16 ವರ್ಷ 130 ದಿನಗಳ ವಯಸ್ಸಿನಲ್ಲಿ, ಪಿ.ಎಸ್.ವಿ. ತಂಡದ ವಿರುದ್ಧ ಅಯಾಕ್ಸ್‌ನ ಹಿರಿಯರ ಜೊತೆ ಕಣಕ್ಕಿಳಿದನು. ಲೀಗಿನಲ್ಲಿ ಅಯಾಕ್ಸ್ ಪರ ಆಡಿದವರಲ್ಲಿ ಅಷ್ಟು ಎಳೆಯನು ಹಿಂದೆ ಇದ್ದಿರಲಿಲ್ಲ. 1992ರಿಂದ ಸೀಡಾರ್ಫನ ಹೆಸರಿನಲ್ಲಿದ್ದ ದಾಖಲೆ ಅಂದು ಮುರಿಯಿತು. ಆ ಪಂದ್ಯದಲ್ಲಿ ಅಯಾಕ್ಸ್ 3–0ರಿಂದ ಸೋತಿತು. ಮೂರು ದಿನಗಳ ತರುವಾಯ ಕಪ್ ಪಂದ್ಯವೊಂದರಲ್ಲಿ ರಯಾನನು ತನ್ನ ಮೊದಲ ಗೋಲನ್ನೂ ಹೊಡೆದನು. ಪತ್ರಿಕೆಗಳು ಕೊಂಡಾಡಿದವು.

ಅದೇ ವರ್ಷ ಆತನಿಗೆ ಶಾಲೆಯ ಅತ್ಯುತ್ತಮ ಪ್ರತಿಭೆಗೆ ಮೀಸಲಾದ ಪಾರಿತೋಷಕವೂ ದೊರೆತಿತ್ತು. ಆ ಪಾರಿತೋಷಕದ ಹೆಸರಿನ ಹಿಂದೆ ಒಂದು ದುಃಖದ ಕಥೆಯಿದೆ. ಅಬ್ದೆಲ್‌ಹಾಕ್ ನೂರಿ ಇದೇ ಶಾಲೆಯಲ್ಲಿ ಬೆಳೆದ ಮಿಡ್‌ಫೀಲ್ಡರ್. 2017ರ ಜುಲೈ 8ರಂದು ಆಸ್ಟ್ರಿಯಾದಲ್ಲಿ ಜರ್ಮನಿಯ ವೆರ್ಡರ್ ಬ್ರೆಮೆನ್ ತಂಡದೊಡನೆ ಸ್ನೇಹಪಂದ್ಯ ಆಡುತ್ತಿದ್ದಾಗ ಹೃದಯದ ಬಡಿತ ತಪ್ಪಿ ಮೈದಾನದಲ್ಲೇ ಕುಸಿದುಬಿದ್ದನು. ಜೀವವೇನೋ ಉಳಿಯಿತು, ಮಿದುಳಿಗಾದ ಹಾನಿ ಮಾತ್ರ ಮತ್ತೆ ಸರಿಹೋಗುವಂಥದಾಗಿರಲಿಲ್ಲ. ಮೈದಾನದಲ್ಲಿ ತಾನು ಕೊಟ್ಟ ಚಿಕಿತ್ಸೆ ಸಾಲದಾಗಿತ್ತೆಂದು ಕ್ಲಬ್ಬೇ 2018ರಲ್ಲಿ ಒಪ್ಪಿಕೊಂಡಿತು. ಆತನು ತೊಡುತ್ತಿದ್ದ 34ನೆಯ ಅಂಕಿಯ ಅಂಗಿಯನ್ನು ಇನ್ನಾರಿಗೂ ಕೊಡಬಾರದೆಂದು ಬಳಿಕ ತೀರ್ಮಾನವಾಯಿತು. ನೂರಿಗೆ ಆಗ ಇಪ್ಪತ್ತು ವರ್ಷ. ಈ ಲೇಖನವನ್ನು ಬರೆಯುತ್ತಿರುವ ನನ್ನ ವಯಸ್ಸೂ ಅಷ್ಟೇ. ಮೊಳಕೆಯಲ್ಲಿ ಕಂಡ ಸಿರಿಯೆಲ್ಲವೂ ಬೆಳೆಯಾಗುವುದಿಲ್ಲ. ಹಾಗಾಗದಿದ್ದರೆ ಅದು ಮೊಳಕೆಯ ತಪ್ಪೂ ಅಲ್ಲ. ಆತನ ಹೆಸರಿನ ಪಾರಿತೋಷಕವನ್ನು ಹದಿನಾರರ ಹುಡುಗನೊಬ್ಬನು ಕೈಯಲ್ಲಿ ಹಿಡಿದಾಗ ಆ ಭಾರ ಆತನಿಗೆ ತಿಳಿದಿರಲೇಬೇಕು.

ದಾಖಲೆಯಾದೊಡನೆ ಸ್ಥಾನ ಸಿಕ್ಕಿತೆಂದು ತಿಳಿಯಬಾರದು. ಬಹುಕಾಲ ರಯಾನನು ‘ಯೋಂಗ್ ಅಯಾಕ್ಸ್’ ಎಂಬ ಎರಡನೆಯ ತಂಡದಲ್ಲೇ ಆಡಿದನು. 2020–21ರ ಹೊತ್ತಿಗೆ ಎರಿಕ್ ಟೆನ್ ಹಾಗ್ ಅವರ ತರಬೇತಿಯಲ್ಲಿ ಮೊದಲ ತಂಡದ ನಿತ್ಯದ ಆಟಗಾರನಾದನು. ಆ ವರ್ಷ ಲೀಗೂ ಕಪ್ಪೂ ಎರಡೂ ಅಯಾಕ್ಸ್‌ಗೆ ಒಲಿದವು; ಕಪ್ಪಿನ ಅಂತಿಮ ಪಂದ್ಯದಲ್ಲಿ ವಿಟೆಸ್ ವಿರುದ್ಧ ಮೊದಲ ಗೋಲು ಆತನದೇ. 2021ರ ಮಾರ್ಚಿಯಲ್ಲಿ ಟರ್ಕಿಯ ಎದುರು ದೇಶದ ಪರವಾಗಿ ಆಡುವ ಗೌರವವೂ ಬಂದಿತು. ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ.

2022ರಲ್ಲಿ ಜರ್ಮನಿಯ ಬಾಯರ್ನ್ ಮ್ಯೂನಿಕ್ ಎಂಬ ಬಲಾಢ್ಯ ಕ್ಲಬ್ಬು ಆತನನ್ನು ಕೊಂಡಿತು. ಇಲ್ಲಿಂದ ಕಥೆ ತಿರುಗುತ್ತದೆ. ಆ ತಂಡದ ನಡುಮೈದಾನದಲ್ಲಿ ಕಿಮಿಖ್, ಗೊರೆಟ್ಸ್ಕ ಮೊದಲಾದ ನುರಿತವರು ಆಗಲೇ ಬೇರೂರಿದ್ದರು. ಇಡೀ ವರ್ಷದ ಲೀಗಿನಲ್ಲಿ ರಯಾನನು 24 ಪಂದ್ಯಗಳಲ್ಲಿ ಕಾಣಿಸಿಕೊಂಡರೂ ಆರಂಭದಿಂದ ಆಡಿದ್ದು ಮೂರರಲ್ಲಿ ಮಾತ್ರ. ಉಳಿದ ಪಂದ್ಯಗಳಲ್ಲಿ ಬದಲಿಯಾಗಿ ಬಂದು ಹೋದದ್ದಷ್ಟೇ. ನಡುವೆ ತರಬೇತುದಾರರು ಬದಲಾದರು. ನಾಗೆಲ್ಸ್‌ಮನ್ ಹೋಗಿ ಟೂಕೆಲ್ ಬಂದರು. ಬೆಂಚು ಮಾತ್ರ ಬದಲಾಗಲಿಲ್ಲ. ಆ ವರ್ಷದ ಕೊನೆಯಲ್ಲಿ ಕತಾರಿನಲ್ಲಿ ನಡೆದ ವಿಶ್ವಕಪ್ಪಿನ ಡಚ್ ತಂಡದಲ್ಲಿಯೂ ಆತನ ಹೆಸರಿರಲಿಲ್ಲ. ತಂಡ ಲೀಗನ್ನು ಗೆದ್ದಿತು, ಪದಕವೂ ಬಂದಿತು. ಆದರೆ ಪದಕ ಬಂದಮಾತ್ರಕ್ಕೆ ಆಡಿದಂತಾಗುವುದಿಲ್ಲವಷ್ಟೆ.

ಬೇಸಾಯದ ಮನೆಯಿಂದ ಬಂದವನಾದ್ದರಿಂದ ನನಗೆ ಇಲ್ಲೊಂದು ಹೋಲಿಕೆ ಹೊಳೆಯುತ್ತದೆ. ಸಸಿಮಡಿಯಲ್ಲಿ ಹಚ್ಚಗೆ ನಿಂತ ಭತ್ತದ ಪೈರನ್ನು ಕಿತ್ತು ಗದ್ದೆಯಲ್ಲಿ ನಾಟಿ ಮಾಡಿದಾಗ ಕೆಲವು ದಿನ ಅದು ಬಾಡಿ ಹಳದಿಯಾಗುತ್ತದೆ. ಬೇಸಾಯ ಅರಿಯದವನು ಪೈರು ಹೋಯಿತೆನ್ನುತ್ತಾನೆ. ರೈತನು ಬೇರು ಹಿಡಿಯಲೆಂದು ಕಾಯುತ್ತಾನೆ. ಆದರೆ ಬರಿದೇ ಕಾಯುವುದಿಲ್ಲ. ನೀರು ಕಟ್ಟುತ್ತಾನೆ, ಕಳೆ ತೆಗೆಯುತ್ತಾನೆ.

2023ರ ಸೆಪ್ಟೆಂಬರ್ 1ರಂದು ರಯಾನನು ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿಗೆ ಬಂದನು. ಕೊಟ್ಟ ಬೆಲೆ ಸುಮಾರು 3.4 ಕೋಟಿ ಪೌಂಡ್. ಕೂಡಲೇ ದೇಶದ 21ರೊಳಗಿನವರ ತಂಡದಿಂದ ಕರೆ ಬಂದಾಗ ಹೋಗದೆ ಹೊಸ ಕ್ಲಬ್ಬಿನಲ್ಲೇ ಅಭ್ಯಾಸಕ್ಕೆ ನಿಂತದ್ದರಿಂದ ತಾಯ್ನಾಡಿನಲ್ಲಿ ಟೀಕೆಗೂ ಗುರಿಯಾದನು. ಮೊದಲ ವರ್ಷ ಯೂರ್ಗನ್ ಕ್ಲಾಪ್ ಅವರ ಕೈಕೆಳಗೆ ಒಮ್ಮೆ ಒಳಗೆ, ಒಮ್ಮೆ ಹೊರಗೆ. 2024ರ ಫೆಬ್ರವರಿಯಲ್ಲಿ ಚೆಲ್ಸಿ ವಿರುದ್ಧದ ಲೀಗ್ ಕಪ್ ಅಂತಿಮ ಪಂದ್ಯದಲ್ಲಿ ಅರ್ಧ ಗಂಟೆ ತುಂಬುವ ಮೊದಲೇ ಕಾಲಿಗೆ ಪೆಟ್ಟಾಗಿ ಸ್ಟ್ರೆಚರಿನ ಮೇಲೆ ಹೊರಬಂದನು. ಅದೇ ಬೇಸಿಗೆಯ ಯೂರೋ ಪಂದ್ಯಾವಳಿಗೆ ಡಚ್ ತಂಡದ ಜೊತೆ ಹೋದನು. ತಂಡ ಸೆಮಿಫೈನಲ್ ತಲುಪಿತು. ರಯಾನನು ಒಂದು ನಿಮಿಷವೂ ಆಡಲಿಲ್ಲ. ಹದಿನಾರರಲ್ಲಿ ದಾಖಲೆ ಬರೆದವನಿಗೆ ಇಪ್ಪತ್ತೆರಡರಲ್ಲಿ ಈ ಸ್ಥಿತಿ.

ಆ ಬೇಸಿಗೆಯಲ್ಲಿ ಕ್ಲಾಪ್ ಅವರ ಸ್ಥಾನಕ್ಕೆ ಡಚ್ಚರೇ ಆದ ಆರ್ನೆ ಸ್ಲಾಟ್ ಬಂದರು. ಹೊಸ ತಂಡಕ್ಕೆ ‘ಆರನೆಯ ಅಂಕಿ’ಯ ಆಟಗಾರನೊಬ್ಬನು ಬೇಕಾಗಿದ್ದನು. ಈ ಹುದ್ದೆಯನ್ನು ಸ್ವಲ್ಪ ವಿವರಿಸಬೇಕು. ರಕ್ಷಕರ ಮುಂದೆ, ಮಿಕ್ಕ ಮಿಡ್‌ಫೀಲ್ಡರುಗಳ ಹಿಂದೆ ನಿಲ್ಲುವವನು ಈತ. ಎದುರಾಳಿಯ ದಾಳಿಯನ್ನು ಮೊದಲು ತಡೆಯಬೇಕಾದವನೂ, ತನ್ನವರ ದಾಳಿಯನ್ನು ಮೊದಲು ಹೂಡಬೇಕಾದವನೂ ಈತನೇ. ಬೆನ್ನ ಹಿಂದೆ ಎದುರಾಳಿ ಅಟ್ಟಿಬರುತ್ತಿರುವಾಗಲೇ ಚೆಂಡನ್ನು ಪಡೆಯಬೇಕು. ತಪ್ಪಿದರೆ ಗೋಲಿಗೆ ದಾರಿ ತೆರೆದಂತೆ. ಈ ಕೆಲಸಕ್ಕಾಗಿ ಕ್ಲಬ್ಬು ಸ್ಪೇನಿನ ಮಾರ್ಟಿನ್ ಜುಬಿಮೆಂಡಿಯನ್ನು ಕರೆತರಲು ಯತ್ನಿಸಿತು. ಆತನು ತನ್ನ ರಿಯಲ್ ಸೊಸಿಯೆದಾದ್ ತಂಡದಲ್ಲೇ ಉಳಿಯುವೆನೆಂದು 2024ರ ಆಗಸ್ಟಿನಲ್ಲಿ ತಿಳಿಸಿದನು. ಹಿತ್ತಲ ಗಿಡ ಮದ್ದಲ್ಲವೆನ್ನುತ್ತಾರಲ್ಲ, ಹಾಗೆ ಹೊರಗೆ ಹುಡುಕಿ ಆದಮೇಲೆ ಒಳಗೆ ನೋಡಿದರು. ಸ್ಲಾಟ್ ಅವರು ಆ ಸ್ಥಾನದಲ್ಲಿ ರಯಾನನನ್ನು ನಿಲ್ಲಿಸಿದರು.

ಆಮೇಲೆ ನಡೆದುದು ಫುಟ್‌ಬಾಲ್ ಬಲ್ಲವರೆಲ್ಲ ಕಂಡದ್ದು. ರಕ್ಷಕನಿಂದ ಬಂದ ಚೆಂಡನ್ನು ಆತನು ನಿಲ್ಲಿಸುವುದಿಲ್ಲ. ಮೈಯನ್ನು ಓರೆಮಾಡಿ, ಚೆಂಡು ತನ್ನನ್ನು ದಾಟಿ ಹರಿಯಲು ಬಿಟ್ಟು, ಅದೇ ಚಲನೆಯಲ್ಲಿ ತಾನೂ ತಿರುಗಿ ಮುನ್ನಡೆಯುತ್ತಾನೆ. ಅಟ್ಟಿಬಂದವನು ಹಿಂದೆಯೇ ಉಳಿಯುತ್ತಾನೆ. 2024ರ ಸೆಪ್ಟೆಂಬರ್ 1ರಂದು ಓಲ್ಡ್ ಟ್ರಾಫರ್ಡಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು 3–0ರಿಂದ ಸೋಲಿಸಿದಾಗ ಮೊದಲ ಗೋಲಿನ ಮೂಲ ಆತನು ನಡುವೆ ತಡೆದು ಕಸಿದುಕೊಂಡ ಒಂದು ಪಾಸ್. ಅಂದಿನ ಎದುರಾಳಿ ತಂಡದ ತರಬೇತುದಾರರು ಆತನಿಗೆ ಅಯಾಕ್ಸ್‌ನಲ್ಲಿ ಮೊದಲ ಅವಕಾಶ ಕೊಟ್ಟ ಟೆನ್ ಹಾಗ್ ಅವರೇ! ಅದೇ ತಿಂಗಳು ಡಚ್ ತಂಡಕ್ಕೂ ಮರಳಿದನು.

ಆ ವರ್ಷದ ಲೀಗಿನ 38 ಪಂದ್ಯಗಳಲ್ಲಿ ರಯಾನನು 37ನ್ನು ಆಡಿದನು. 2025ರ ಏಪ್ರಿಲ್ 27ರಂದು ಟಾಟನ್‌ಹ್ಯಾಮನ್ನು 5–1ರಿಂದ ಸೋಲಿಸಿ ಲಿವರ್‌ಪೂಲ್ ಇಪ್ಪತ್ತನೆಯ ಸಲ ಇಂಗ್ಲೆಂಡಿನ ಚಾಂಪಿಯನ್ ಆಯಿತು. ವರ್ಷದ ಶ್ರೇಷ್ಠ ತರುಣ ಆಟಗಾರನೆಂಬ ಪ್ರೀಮಿಯರ್ ಲೀಗಿನ ಪ್ರಶಸ್ತಿ ಗ್ರಾವೆನ್‌ಬರ್ಕನಿಗೆ ಸಂದಿತು. ಆ 37 ಪಂದ್ಯಗಳಲ್ಲಿ ಆತನು ಹೊಡೆದ ಗೋಲುಗಳ ಸಂಖ್ಯೆ ಸೊನ್ನೆ! ಅಂಕಪಟ್ಟಿಯಿಂದ ಮಾತ್ರ ಮನುಷ್ಯನನ್ನು ಅಳೆಯುವವರು ಈ ಸೊನ್ನೆಯನ್ನು ಕುರಿತು ತುಸು ಯೋಚಿಸಬೇಕು.

ಈ ಕಥೆಯಿಂದ “ಕಷ್ಟಪಟ್ಟವನಿಗೆ ಫಲ ಕಟ್ಟಿಟ್ಟದ್ದು” ಎಂಬ ನೀತಿಯನ್ನು ತೆಗೆಯಲು ನನಗೆ ಮನಸ್ಸಾಗುವುದಿಲ್ಲ. ಮ್ಯೂನಿಕ್ಕಿನಲ್ಲಿ ಆತನು ಕಷ್ಟಪಡಲಿಲ್ಲವೆಂದು ಯಾರು ಹೇಳಬಲ್ಲರು? ಮತ್ತೊಬ್ಬನು ಬರಲೊಲ್ಲೆನೆಂದುದರಿಂದ ಬಾಗಿಲು ತೆರೆಯಿತು. ಜುಬಿಮೆಂಡಿ ಬಂದಿದ್ದರೆ ಇನ್ನೊಂದು ವರ್ಷ ಬೆಂಚೇ ಗತಿಯಾಗುತ್ತಿತ್ತೋ ಏನೋ. ಆದರೆ ಬಾಗಿಲು ತೆರೆದಾಗ ಒಳಹೊಗಲು ಬೇಕಾದ ವಿದ್ಯೆ ಆತನಲ್ಲಿತ್ತು. ಮೈಯನ್ನು ಓರೆಮಾಡಿ ಚೆಂಡನ್ನು ಪಡೆಯುವ ಆ ಪಾಠ ಬೆಂಚಿನ ಮೇಲೆ ಕುಳಿತ ಎರಡು ವರ್ಷಗಳಲ್ಲಿ ಮರೆತುಹೋಗಿರಲಿಲ್ಲ. ಅವಕಾಶ ತನ್ನ ಕೈಯಲ್ಲಿರಲಿಲ್ಲ, ಸಿದ್ಧತೆ ಇತ್ತು. ಇನ್ನೊಂದು ಮಾತು: ಆತನನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಕಣ್ಣುಳ್ಳ ಒಬ್ಬ ಗುರುವೂ ಬೇಕಾಯಿತು. ಗದ್ದೆಗೆ ನೀರು ಕಟ್ಟುವವನಿಲ್ಲದೆ ಪೈರಿನ ತಾಳ್ಮೆಯೊಂದರಿಂದಲೇ ತೆನೆ ಬಾರದು.

ಈ ವಿಷಯವನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಈ ಕಾಲೇಜಿನಲ್ಲಿ ನನ್ನಂಥವರು ಅನೇಕರಿದ್ದಾರೆ. ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಬಂದಾಗ ಊರಿನವರು ಹಾರ ಹಾಕುತ್ತಾರೆ. ಪದವಿ ಮುಗಿಸಿ ಒಂದು ವರ್ಷ ಮನೆಯಲ್ಲಿದ್ದರೆ, ಹಾರ ಹಾಕಿದವರೇ “ಏನಪ್ಪಾ, ಇನ್ನೂ ಏನೂ ಆಗಲಿಲ್ಲವೇ?” ಎಂದು ಕೇಳುತ್ತಾರೆ. ಅಪ್ಪನಿಗೆ ಆ ಪ್ರಶ್ನೆ ಮಗನಿಗಿಂತಲೂ ಹೆಚ್ಚು ನೋಯುತ್ತದೆ. ಪರೀಕ್ಷೆಗಳ ಫಲಕ್ಕಾಗಿ, ನೇಮಕದ ಪತ್ರಕ್ಕಾಗಿ ಕಾಯುವ ಕಾಲ ನಮ್ಮೆಲ್ಲರ ಮುಂದಿದೆ. ಹಾಗೆ ಕಾಯುವವನನ್ನು ಕೆಲಸಕ್ಕೆ ಬಾರದವನೆಂದು ಯಾರೂ ಎಣಿಸದಿರಲಿ. ಕಾಯುವವನು ತಾನೂ ಹಾಗೆ ಎಣಿಸದಿರಲಿ. ಬೆಂಚಿನ ಮೇಲೆ ಕುಳಿತವನೂ ತಂಡದ ಅಂಗಿಯನ್ನೇ ತೊಟ್ಟಿರುತ್ತಾನೆ.

ಗ್ರಾವೆನ್‌ಬರ್ಕನ ಆಟ ಇನ್ನೂ ಮುಗಿದಿಲ್ಲ. ಮುಂದೆ ಆತನು ಏರಬಹುದು, ಇಳಿಯಬಹುದು. ಅದನ್ನು ನುಡಿಯಲು ನಾನು ಜ್ಯೋತಿಷಿಯಲ್ಲ. ಕಲಿತುದನ್ನು ಮರೆಯದೆ, ಕೈಗೆ ಬಂದ ದಿನ ಅದನ್ನು ಬಳಸುವುದಷ್ಟೇ ಇಷ್ಟು ವರ್ಷಗಳ ಆತನ ಬಾಳು ನನಗೆ ಕಲಿಸಿದ ಪಾಠ. ಸಹಪಾಠಿಗಳಿಗೂ ಇದು ಉಪಯೋಗವಾದೀತೆಂಬ ನಂಬಿಕೆಯಿಂದ ಈ ನಾಲ್ಕು ಮಾತುಗಳನ್ನು ಬರೆದಿದ್ದೇನೆ. ನಮ್ಮಲ್ಲಿ ಯಾರು ಯಾವ ಜಾಗಕ್ಕೆ ತಕ್ಕವರೆಂದು ಗುರುತಿಸುವ ಕೆಲಸವನ್ನು ಗುರುಗಳಿಗೆ ವಿನಯದಿಂದ ಒಪ್ಪಿಸುತ್ತೇನೆ.